ಬ್ಲೆಂಕಿನ್ ಸಾಹೇಬರ ಬದುಕು-ಬರಹ

ನಮ್ಮ ಕನ್ನಡ ಸಂಘದ ಅಧ್ಯಕ್ಷ ಡಾಕ್ಟರ್ ಸತ್ಯಪ್ರಕಾಶ್ ಅವರ ಪ್ರಕಾರ, ಸಾಹಿತಿ ಎಂದಮೇಲೆ ಅವನು ಬಡತನದಲ್ಲೇ ಹುಟ್ಟಿರಬೇಕು. ವಾರಾನ್ನ ಉಂಡಿರಬೇಕು, ಬೀದಿ ದೀಪದ ಕೆಳಗೆ ಓದಿರಬೇಕು, ಅವನ ತಾಯಿ ಕಿವಿಯೋಲೆ ಅಡವಿಟ್ಟು ಪರೀಕ್ಷೆ ಫೀಸು ಕಟ್ಟಿರಬೇಕು. ಇದ್ಯಾವುದೂ ಆಗದವನು ಏನು ಬರೆದರೂ ಅದು ಸಾಹಿತ್ಯವಲ್ಲ, ಹೊಟ್ಟೆ ತುಂಬಿದವರ ಹರಟೆ. ಇಂಥ ಡಾಕ್ಟರ ಕೈಗೆ ಹ್ಯೂಗೋ ಬ್ಲೆಂಕಿನ್ ಎಂಬ ಇಂಗ್ಲಿಷ್ ಕಾದಂಬರಿಕಾರ ಸಿಕ್ಕಿಬಿದ್ದ ಕಥೆ ಇದು. ನನ್ನ ಹೊಟ್ಟೆ ಉರಿದ ಕಥೆಯೂ ಹೌದು, ಮೊದಲೇ ಹೇಳಿಬಿಡುತ್ತೇನೆ.

ಬ್ಲೆಂಕಿನ್ ಬರೆಯುತ್ತಿದ್ದದ್ದು ನಗೆ ಕಾದಂಬರಿಗಳ ಮಾಲೆ. ಮಂತ್ರವಾದಿ, ಘಟಸರ್ಪ, ಮಾತಾಡುವ ಕತ್ತಿ ಎಲ್ಲ ಇರುವ ಒಂದು ರಾಜ್ಯ. ಆದರೆ ಅಲ್ಲಿ ಮಾಟಮಂತ್ರವೆಲ್ಲ ಸರ್ಕಾರಿ ಕಚೇರಿಯ ಮೂಲಕವೇ ನಡೆಯಬೇಕು. ಯಾರನ್ನಾದರೂ ಕಪ್ಪೆ ಮಾಡಬೇಕೆಂದರೆ ಶಾಪ ಇಲಾಖೆಗೆ ಅರ್ಜಿ ಹಾಕಬೇಕು, ಮೂವರ ಸಹಿ ಆಗಬೇಕು. ಮೂರನೆಯ ಸಹಿ ಬೀಳುವಷ್ಟರಲ್ಲಿ ಶಾಪ ಕೊಡುವವಳಿಗೂ ಶಾಪ ಪಡೆಯಬೇಕಾದವನಿಗೂ ಮದುವೆಯಾಗಿ ಮಕ್ಕಳಿರುತ್ತಾರೆ. ಇಲಾಖೆಯ ಹೆಡ್ ಕ್ಲರ್ಕ್ ಒಂದು ಘಟಸರ್ಪ, ನಿಧಿ ಕಾಯುವ ಹಾಗೆ ಫೈಲು ಕಾಯುತ್ತದೆ. ಮೈಸೂರಿನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರೋ ಸೀನಿಯರ್ ಬಿಟ್ಟುಹೋಗಿದ್ದ ಅದರ ಮೊದಲ ಪುಸ್ತಕ ಓದಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ಎಲ್ಲಿಯ ಇಂಗ್ಲೆಂಡು! ಇದು ನಮ್ಮ ತಾಲೂಕು ಕಚೇರಿಯೇ ಅನ್ನಿಸಿತ್ತು.

ಆಮೇಲೆ ನಾನು, ನನ್ನ ಗಂಡ ಗುರುದತ್, ಇಬ್ಬರೂ ವರ್ಕ್ ಪರ್ಮಿಟ್ ಹಿಡಿದು ಐರ್ಲೆಂಡಿಗೆ ಬಂದೆವು. ನನಗೆ ಲೀಕ್ಸ್‌ಲಿಪ್‌ನ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ಆಗ ಐರ್ಲೆಂಡಿಗೆ ದೇವರು ಕಣ್ಣು ಬಿಟ್ಟಿದ್ದ ಕಾಲ. ಕ್ಯಾಂಟೀನಿನಲ್ಲಿ ಟೀ ಕುಡಿಯುವವರೆಲ್ಲ ಬಲ್ಗೇರಿಯಾದಲ್ಲಿ ಅಪಾರ್ಟ್‌ಮೆಂಟ್ ಬುಕ್ ಮಾಡಿದವರೇ. ಬಲ್ಗೇರಿಯಾ ಯಾವ ದಿಕ್ಕಿಗಿದೆ ಅಂತ ಕೇಳಬಾರದು, ಅಷ್ಟೆ. ಗುರುದತ್ ಕೂಡ ಮನೆ, ಮಾರ್ಟ್‌ಗೇಜ್ ಅಂತ ಜಪ ಮಾಡುತ್ತಿದ್ದ. ನಾನು ಮಾತ್ರ ಸಂಜೆ ಹೊತ್ತು ಕೂತು ಬ್ಲೆಂಕಿನ್‌ರ ಆ ಪುಸ್ತಕವನ್ನು ಕನ್ನಡಕ್ಕೆ ಮಾಡುತ್ತಿದ್ದೆ. ಘಟಸರ್ಪಕ್ಕೆ ನಂಜನಗೂಡು ಕಡೆಯ ಮಾತು ಕೊಟ್ಟೆ. “ಸಾಯೇಬ್ರು ಇವತ್ ಇಲ್ಲ, ನಾಳೀಕ್ ನಾನ್ ಇರಾಕಿಲ್ಲ, ನಾಳಿದ್ದು ಬನ್ನಿ, ಸುಡ್ತೀನಿ” ಅನ್ನುತ್ತದೆ ಅದು. ಆ ಒಂದು ಸಾಲು ಕೂತ ದಿನ ನಾನು ಅಡುಗೆ ಮಾಡದೆ ಗಂಡನಿಗೆ ಬ್ರೆಡ್ ಹಾಕಿದ್ದೆ.

ಅನುವಾದ ಮುಗಿಯಿತು. ಮೈಸೂರಿನ ಒಬ್ಬ ಪ್ರಕಾಶಕರು ಓದಿ, ಲೇಖಕರ ಒಪ್ಪಿಗೆ ತನ್ನಿ, ನಾಳೆಯೇ ಅಚ್ಚಿಗೆ ಹಾಕುತ್ತೇನೆ ಎಂದರು. ಬ್ಲೆಂಕಿನ್‌ರ ಏಜೆಂಟಿಗೆ ಬರೆದೆ. ಅಷ್ಟು ಸಣ್ಣ ಭಾಷೆಗೆ ಬೇಡಿಕೆ ಇಲ್ಲ ಎಂದು ಉತ್ತರ ಬಂತು. ಸಣ್ಣ ಭಾಷೆಯಂತೆ! ಇಡೀ ಐರ್ಲೆಂಡನ್ನು ತಂದು ಬೆಂಗಳೂರಿನಲ್ಲಿ ಇಳಿಸಿದರೆ ಬಾಡಿಗೆ ಮನೆ ಹುಡುಕಿಕೊಂಡು ಕಳೆದುಹೋಗುತ್ತದೆ. ಮತ್ತೆ ಬರೆದೆ. ಉತ್ತರವೇ ಇಲ್ಲ. ಇನ್ನು ಉಳಿದಿದ್ದು ಒಂದೇ ದಾರಿ, ಆ ಮನುಷ್ಯನನ್ನೇ ಹಿಡಿದು ಬಾಯಿಬಿಟ್ಟು ಕೇಳುವುದು. ಆತ ಇದ್ದದ್ದು ನಮ್ಮ ಕಿಲ್ಡೇರ್ ಕೌಂಟಿಯಲ್ಲೇ, ಮನೆಯ ಸುತ್ತ ಎತ್ತರದ ಗೋಡೆ ಹಾಕಿಸಿಕೊಂಡು. ಐರ್ಲೆಂಡಿನಲ್ಲಿ ಆಗ ಪುಸ್ತಕ ಬರೆದು ಗಳಿಸಿದ್ದಕ್ಕೆ ತೆರಿಗೆ ಇರಲಿಲ್ಲ. ಹಾಗಾಗಿ ಅವರಿಗೆ ಈ ದೇಶದ ಹಸಿರು ಬೆಟ್ಟಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂದಿತ್ತು.

ಆ ಗೋಡೆ ಹಾರಿದವರು ನಮ್ಮ ಡಾಕ್ಟರು. ಬ್ಲೆಂಕಿನ್ ಏಣಿಯಿಂದ ಬಿದ್ದು ಪಾದ ಮುರಿದುಕೊಂಡು ಆಸ್ಪತ್ರೆಗೆ ಬಂದಿದ್ದರಂತೆ. ಪ್ಲಾಸ್ಟರ್ ಹಾಕಿದವರು ಸತ್ಯಪ್ರಕಾಶ್. ನರ್ಸ್ ಬಂದು ಆಟೋಗ್ರಾಫ್ ಕೇಳಿದಾಗಲೇ ಇವರಿಗೆ ಗೊತ್ತಾದದ್ದು, ಕಾಲಿನ ಮೇಲೆ ಒಬ್ಬ ಪ್ರಸಿದ್ಧ ಸಾಹಿತಿ ಇದ್ದಾನೆ ಎಂದು. ಅಲ್ಲೇ ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದೇಬಿಟ್ಟರು. ನೋವಿನ ಇಂಜೆಕ್ಷನ್ನಿನ ಅಮಲಿನಲ್ಲಿ ಆತ ಹೂಂ ಅಂದರು.

ನನಗೆ ಅಂದು ಆದ ಸಂತೋಷ ಹೇಳತೀರದು. ಡಾಕ್ಟರಿಗೆ ಫೋನ್ ಮಾಡಿ ಅನುವಾದದ ವಿಷಯವೆಲ್ಲ ಹೇಳಿದೆ.

“ಅಷ್ಟೇ ತಾನೇ? ನಾನ್ ಕೇಳ್ತೀನಿ ಬಿಡಮ್ಮ, ಅವ್ರು ನನ್ ಪೇಷಂಟು,” ಎಂದರು. “ಈಗ ಅವ್ರ ಬದುಕು-ಬರಹದ ಬಗ್ಗೆ ಎರಡು ಪೇಜ್ ಬರ್ಕೊಡು. ಪರಿಚಯ ಭಾಷಣ ನಂದೇ.”

ಒಂದು ಭಾನುವಾರವೆಲ್ಲ ಕೂತು ಬರೆದುಕೊಟ್ಟೆ. ಡಾಕ್ಟರು ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡರು.

“ಏನಮ್ಮ ಸಿಂಧು, ಅಪ್ಪ ವೈನ್ ವ್ಯಾಪಾರಿ ಅಂತ ಬರ್ದಿದೀಯ?”

“ಹೌದಲ್ವಾ ಸರ್.”

“ಕುದುರೆ ಸವಾರಿ ಕಲಿಸೋ ಸ್ಕೂಲಲ್ಲಿ ಓದಿದ್ರು. ಮೂರ್ ಮದುವೆ! ಇದನ್ನ ಸ್ಟೇಜ್ ಮೇಲೆ ಹೇಳಕ್ಕಾಗತ್ತಾ? ಮಕ್ಕಳು ಮರಿ ಕೂತಿರ್ತಾರೆ. ಎಲ್ಲಾದಕ್ಕಿಂತ ಮುಖ್ಯವಾಗಿ, ಇದ್ರಲ್ಲಿ ಕಷ್ಟಾನೇ ಇಲ್ವಲ್ಲ!”

“ಅವರು ಕಷ್ಟಪಟ್ಟಿಲ್ಲ ಸರ್.”

“ಸಾಹಿತಿ ಅಂದ್ಮೇಲೆ ಪಟ್ಟೇ ಇರ್ತಾರೆ. ನಿಂಗ್ ಗೊತ್ತಿಲ್ಲ ಅಷ್ಟೆ. ನೀನು ಮೂಲಕ್ಕೆ ಹೋಗಿಲ್ಲ,” ಎಂದರು ಡಾಕ್ಟರು. “ಪುಸ್ತಕ ಓದಿದೀರಾ ಸರ್?” ಎಂದೆ. “ಓದೋಕೆ ಟೈಮ್ ಎಲ್ಲಮ್ಮ? ಸಾರ ಗೊತ್ತಲ್ಲ,” ಎಂದರು. ಆಗಲೇ ನನಗೆ ಅನುಮಾನ ಹುಟ್ಟಿತ್ತು. ಈ ಮನುಷ್ಯ ಹಿಂದಿನ ವರ್ಷ ಧಾರವಾಡದ ನಿವೃತ್ತ ಪ್ರೊಫೆಸರರಿಗೂ, ಅದರ ಹಿಂದಿನ ವರ್ಷ ಅತ್ಲೋನ್‌ನಿಂದ ಬಂದ ಜಾನಪದ ಗಾಯಕರಿಗೂ ಮಾಡಿದ್ದು ಒಂದೇ ಭಾಷಣ. ಹೆಸರು ಮಾತ್ರ ಬೇರೆ.

ಕಾರ್ಯಕ್ರಮ ಊರಿನ ಕ್ಲಬ್ ಹಾಲಿನಲ್ಲಿ. ಹೊರಗೆ ಹುಡುಗರು ಹಾಕಿಯಂಥ ಹರ್ಲಿಂಗ್ ಆಡುತ್ತಿದ್ದರು, ಒಳಗೆ ತಾಯಿ ಭುವನೇಶ್ವರಿಗೆ ಹಾರ. ಡಾಕ್ಟರ ಹೆಂಡತಿ ಶಕುಂತಲಾ ನಾಡಗೀತೆ ಹಾಡಿದರು. ಮಕ್ಕಳು ಐರಿಶ್ ಧಾಟಿಯಲ್ಲಿ ವಚನ ಹೇಳಿದರು, ಯಾವ ವಚನವೆಂದು ಹೆತ್ತವರಿಗೇ ತಿಳಿಯಲಿಲ್ಲ. ಬ್ಲೆಂಕಿನ್ ಕೋಲು ಊರಿಕೊಂಡು ಬಂದರು. ದಪ್ಪ ಮನುಷ್ಯ, ಕೆಂಪು ಮೂಗು, ಎಲ್ಲವನ್ನೂ ನೋಡಿ ಒಳಗೊಳಗೇ ನಗುವ ಸಣ್ಣ ಕಣ್ಣು. ತಲೆ ಎಷ್ಟು ದೊಡ್ಡದೆಂದರೆ ಮೈಸೂರು ಪೇಟ ಅದರ ಮೇಲೆ ಕೂರಲೇ ಇಲ್ಲ, ನಿಂತಿತು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಸೂಪರ್ ಮಾರ್ಕೆಟ್ಟಿನ ಹಣ್ಣಿನ ಬುಟ್ಟಿ ಕೈಗಿಟ್ಟರು. ಆತ ಬುಟ್ಟಿಯೊಳಗಿಂದ ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡರು.

ನಮ್ಮ ಸಂಘದ್ದೊಂದು ನಿಯಮ, ವೇದಿಕೆ ಮೇಲೆ ಕನ್ನಡ ಬಿಟ್ಟು ಬೇರೆ ಮಾತಾಡಕೂಡದು. ಅತಿಥಿಗೆ ಮಾತ್ರ ವಿನಾಯಿತಿ. ಹಾಗಾಗಿ ಡಾಕ್ಟರ ಭಾಷಣ ಕನ್ನಡದಲ್ಲಿ. ಬ್ಲೆಂಕಿನ್‌ರ ಕುರ್ಚಿಯ ಹಿಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ ನನ್ನನ್ನು ಕೂರಿಸಿದರು, ಕಿವಿಯಲ್ಲಿ ಇಂಗ್ಲಿಷ್ ಊದುವುದಕ್ಕೆ. ಆತ ನನ್ನ ಕಡೆ ತಿರುಗಿ, “ಏಜೆಂಟಿಗೆ ಕಾಗದ ಬರೆದವರು ನೀವೇನಾ? ಡಾಕ್ಟರು ಹೇಳಿದರು. ನೋಡೋಣ, ಸಂಜೆ ಹೇಗೆ ಹೋಗುತ್ತದೋ,” ಎಂದರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಕೊಡುತ್ತಿದ್ದೇನೆ, ಅಭ್ಯಾಸಬಲ.

ಡಾಕ್ಟರು ಮೈಕು ಹಿಡಿದರು. ಗಂಟಲು ಸರಿಮಾಡಿಕೊಂಡು, “ಕಡು ಬಡತನದ ಕುಟುಂಬದಲ್ಲಿ ಜನಿಸಿದ ಮಾನ್ಯ ಬ್ಲೆಂಕಿನ್ ಅವರು...” ಎಂದು ಶುರುಮಾಡಿದರು.

ಮುಗಿಯಿತು ಕಥೆ, ಅಂದುಕೊಂಡೆ. ಆದರೂ ಪ್ರಾಮಾಣಿಕಳಾಗಿ ಹೇಳಿದೆ. “ನೀವು ತುಂಬಾ ಬಡವರ ಮನೆಯಲ್ಲಿ ಹುಟ್ಟಿದಿರಿ ಅಂತಿದ್ದಾರೆ.”

“ಏನಂದಿರಿ?”

“ದಿನಕ್ಕೊಬ್ಬರ ಮನೆಯಲ್ಲಿ ಊಟ ಮಾಡಿಕೊಂಡು ವಿದ್ಯೆ ಕಲಿತಿರಂತೆ.”

ಬ್ಲೆಂಕಿನ್‌ರ ಹುಬ್ಬು ಗಂಟಿಕ್ಕಿತು. “ಇದು ನನ್ನ ವಿಚ್ಛೇದನಗಳ ಬಗ್ಗೆ ಚುಚ್ಚುಮಾತೋ?”

“ಬೀದಿ ದೀಪದ ಕೆಳಗೆ ಓದಿದಿರಂತೆ.”

“ಈ ಮನುಷ್ಯ ನನ್ನನ್ನು ಗೇಲಿ ಮಾಡುತ್ತಿದ್ದಾನೆಯೇ?” ಎಂದು ಕೇಳಿ ಕೋಲಿಗೆ ಕೈ ಹಾಕಿದರು. ಜೀವಮಾನವೆಲ್ಲ ರಾಜರನ್ನೂ ಪಾದ್ರಿಗಳನ್ನೂ ಗುಮಾಸ್ತರನ್ನೂ ಗೇಲಿ ಮಾಡಿ ಬಂಗಲೆ ಕಟ್ಟಿದ ಮಹಾನುಭಾವ! ತನ್ನ ಮೇಲೆ ಒಂದು ಹನಿ ಬಿದ್ದದ್ದೇ ತಡ, ಮೈಯೆಲ್ಲ ಉರಿ. ಎದ್ದು ಹೋಗುತ್ತಾರೆ ಎಂದು ನನಗೆ ಖಚಿತವಾಯಿತು. ಎದ್ದರೆ ನನ್ನ ಪುಸ್ತಕವೂ ಅವರ ಹಿಂದೆಯೇ ಬಾಗಿಲು ದಾಟಿ ಹೋಗುತ್ತದೆ.

ಆಗ ನಾನು ಅವರ ಕಿವಿಯ ಹತ್ತಿರ ಬಾಗಿ, ಡಾಕ್ಟರ ಭಾಷಣವನ್ನು ಬಿಟ್ಟು, ನನ್ನದೇ ಭಾಷಣ ಶುರುಮಾಡಿದೆ.

“ಅಲ್ಲ, ಅದು ಪೀಠಿಕೆ. ನಮ್ಮಲ್ಲಿ ಎಲ್ಲಾ ಸಾಹಿತಿಗಳ ಬಗ್ಗೆ ಹೀಗೇ ಹೇಳುವುದು, ಅದನ್ನೇ ಅಣಕಿಸುತ್ತಿದ್ದಾರೆ. ಈಗ ಹೇಳುತ್ತಿದ್ದಾರೆ, ಬ್ಲೆಂಕಿನ್ ಅವರ ಬದುಕು ಎಷ್ಟು ಸುಖವಾಗಿತ್ತೆಂದರೆ, ದೂರುವುದಕ್ಕೊಂದು ವಿಷಯ ಬೇಕು ಅಂತ ಇಡೀ ರಾಜ್ಯವನ್ನೇ ಕಟ್ಟಬೇಕಾಯಿತು.”

ಅವರ ಕೈ ಕೋಲಿನಿಂದ ಸಡಿಲಾಯಿತು.

“ಮೊದಲ ಪುಸ್ತಕವನ್ನು ಓದಿದ್ದು ಅವರ ತಾಯಿ ಒಬ್ಬರೇ. ಅವರೂ ಘಟಸರ್ಪದ ಭಾಗ ಬಿಟ್ಟು ಓದಿದರು. ಮೂವರು ಹೆಂಡತಿಯರನ್ನು ಕಳೆದುಕೊಂಡ ಈ ಮನುಷ್ಯ ಒಂದೇ ಒಂದು ಹಸ್ತಪ್ರತಿ ಕಳೆದುಕೊಂಡಿಲ್ಲ, ಯಾವುದನ್ನು ಬೀಗ ಹಾಕಿ ಇಡಬೇಕೆಂದು ಅವರಿಗೆ ಗೊತ್ತು.”

ಆತ ಕಿಸಕ್ಕೆಂದರು. ನನಗೆ ಧೈರ್ಯ ಬಂತು. ಎಷ್ಟು ವರ್ಷ ಆ ಪುಸ್ತಕಗಳ ಜೊತೆ ಸಂಸಾರ ಮಾಡಿದವಳು ನಾನು! ಎಂಟನೆಯ ಪುಸ್ತಕದಲ್ಲಿ ಸತ್ತ ಮಂತ್ರವಾದಿ ಹತ್ತನೆಯದರಲ್ಲಿ ಪಿಂಚಣಿ ತಗೊಳ್ಳುವುದನ್ನು ಎತ್ತಿ ಆಡಿದೆ. ಅವರ ಎಲ್ಲಾ ರಾಜಕುಮಾರಿಯರೂ ಒಂದೇ ರೀತಿ ಬೈಯುತ್ತಾರೆ, ಎರಡನೆಯ ಹೆಂಡತಿಗೆ ಅದಕ್ಕೆ ಗೌರವಧನ ಸಲ್ಲಬೇಕು ಎಂದೆ. ಬೈದರೂ ಓದಿ ಬೈದರೆ ಲೇಖಕರಿಗೆ ಅದು ಹೊಗಳಿಕೆಯೇ. ಆತ ಹೊಟ್ಟೆ ಹಿಡಿದುಕೊಂಡರು. “ಹನುಮಂತ ಸಮುದ್ರ ಹಾರಿದ್ದು ಸೀತಮ್ಮನಿಗಾಗಿ. ಬ್ಲೆಂಕಿನ್ ಸಾಹೇಬರು ಹಾರಿದ್ದು ತೆರಿಗೆಯವನಿಗೆ ಹೆದರಿ. ಆದರೆ ನೆಗೆತ ಮಾತ್ರ ಅಷ್ಟೇ ಭವ್ಯ,” ಎಂದು ಊದಿದಾಗ, ಹನುಮಂತ ಯಾರೆಂದು ಎರಡು ಮಾತಿನಲ್ಲಿ ತಿಳಿಸಿಯೇ ಊದಿದ್ದೆ, ಆತ ಇಡೀ ಹಾಲ್ ಅದುರುವ ಹಾಗೆ ಹೋ ಎಂದು ನಕ್ಕರು. ಪೇಟ ಕೆಳಗೆ ಬಿತ್ತು.

ಸರಿಯಾಗಿ ಅದೇ ಕ್ಷಣದಲ್ಲಿ ಡಾಕ್ಟರು ಗದ್ಗದ ಕಂಠದಿಂದ, “ಆ ಮಹಾತಾಯಿ ತನ್ನ ಕಿವಿಯ ಓಲೆಯನ್ನು ಬಿಚ್ಚಿಕೊಟ್ಟು...” ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸುತ್ತಿದ್ದ ಶಕುಂತಲಾ ಬೆಚ್ಚಿಬಿದ್ದರು. ಡಾಕ್ಟರು ಅರೆಗಳಿಗೆ ತಡವರಿಸಿ, ಅತಿಥಿಯ ಕಡೆ ಕೈ ತೋರಿಸಿ, “ನೋಡಿ! ಸ್ಥಿತಪ್ರಜ್ಞರು! ತಾಯಿಯ ದುಃಖವನ್ನೂ ನಗುತ್ತಾ ನೆನೆಯುತ್ತಾರೆ!” ಎಂದರು. ಚಪ್ಪಾಳೆ ಬಿತ್ತು. ಆತ ಮತ್ತೆ ನಕ್ಕರು. ಮತ್ತೆ ಚಪ್ಪಾಳೆ.

ಭಾಷಣ ಮುಗಿದ ಮೇಲೆ ಬ್ಲೆಂಕಿನ್ ಎದ್ದು ನಿಂತರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

“ಮೂವತ್ತು ವರ್ಷದಿಂದ ನನ್ನನ್ನು ಪರಿಚಯ ಮಾಡಿಕೊಡುವವರ ಬಾಯಿಂದ ಬರಿ ಬೇಸರ ಕೇಳಿದ್ದೇನೆ,” ಎಂದರು. “ಇವತ್ತು ಮೊದಲ ಬಾರಿಗೆ ಒಬ್ಬರು ನನ್ನನ್ನು ಪೂರ್ತಿ ಓದಿ ಬೈದಿದ್ದಾರೆ. ಹನುಮಂತ ಹಾರಿದ್ದು ಸೀತೆಗಾಗಿ, ನಾನು ಹಾರಿದ್ದು ತೆರಿಗೆಗೆ ಹೆದರಿ! ಈ ಒಂದು ಸಾಲಿಗೆ ನಾನು ನನ್ನ ಅರ್ಧ ಪುಸ್ತಕಗಳನ್ನು ಕೊಟ್ಟುಬಿಡುತ್ತೇನೆ.”

ಡಾಕ್ಟರ ಬಾಯಿ ತೆರೆದೇ ಇತ್ತು. ಹನುಮಂತನ ಹೆಸರನ್ನು ಅವರು ಎತ್ತಿಯೇ ಇರಲಿಲ್ಲ. ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದರು. ನಾನು ಸ್ಟೂಲಿನ ಮೇಲೆ ಕೂತಿದ್ದೆ. ನಮ್ಮಿಬ್ಬರ ಕಣ್ಣು ಸೇರಿದವು. ಡಾಕ್ಟರಿಗೆ ಎಲ್ಲವೂ ಅರ್ಥವಾಯಿತು, ಅದು ನನಗೂ ಅರ್ಥವಾಯಿತು. ಆಮೇಲೆ ಅವರು ಮುಂದೆ ತಿರುಗಿ, ಸಭೆಗೆ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಆ ಸಾಲಿಗೆ ಬಿದ್ದ ಚಪ್ಪಾಳೆಯನ್ನು ಸ್ವೀಕರಿಸಿದರು.

ಸಭೆಯಲ್ಲಿ ಒಬ್ಬರಾದರೂ ಬಾಯಿಬಿಡುತ್ತಾರೆ ಎಂದುಕೊಂಡೆ. ಎಲ್ಲಿ? ಅರ್ಧ ಜನ ಹಾಲಿನ ಹೊರಗೆ ಬಡ್ಡಿ ದರದ ಬಗ್ಗೆ ಮಾತಾಡುತ್ತಿದ್ದವರು, ಉಳಿದರ್ಧ ಜನ ಒಳಗೇ ಕೂತು ನಿದ್ದೆ ಮಾಡಿದವರು. ತಾವು ಕೇಳದೆ ಇದ್ದಾಗ ಡಾಕ್ಟರು ಏನೋ ಚೆನ್ನಾಗಿ ಹೇಳಿರಬೇಕು ಎಂದೇ ಎಲ್ಲರೂ ಅಂದುಕೊಂಡರು. “ಸೂಪರ್ ಸರ್, ಗ್ರ್ಯಾಂಡ್ ಆಗಿತ್ತು!” ಎಂದು ಹಿಂದಿನಿಂದ ಕೂಗಿದವನು, ಏನು ಹೇಳಲಿ, ನನ್ನ ಗಂಡ ಗುರುದತ್.

ಬ್ಲೆಂಕಿನ್ ಮುಗಿಸಿರಲಿಲ್ಲ. “ನನ್ನ ಪುಸ್ತಕವನ್ನು ನಿಮ್ಮ ಭಾಷೆಗೆ ತರಬೇಕೆಂದು ಕೋರಿಕೆ ಬಂದಿತ್ತು. ನಗು ಬೇರೆ ಭಾಷೆಗೆ ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ ಎಂದು ನಾನು ಬೇಡ ಅಂದಿದ್ದೆ. ಈಗ ಒಪ್ಪುತ್ತೇನೆ. ಆದರೆ ಒಂದು ಷರತ್ತು. ಅನುವಾದ ಇವರೇ ಮಾಡಬೇಕು,” ಎಂದು ಡಾಕ್ಟರ ಹೆಗಲ ಮೇಲೆ ಕೈಯಿಟ್ಟರು. “ಈ ಡಾಕ್ಟರೇ.”

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡಿತು ಅನ್ನುತ್ತಾರಲ್ಲ, ಇಲ್ಲಿ ಹುತ್ತ ಕಟ್ಟಿದ ನಾನೇ ಹಾವಿಗೆ ಮೆರವಣಿಗೆಯನ್ನೂ ಮಾಡಿಸಿದ್ದೆ. ಅಳು ಬಂತು. ಅಳಲಿಲ್ಲ, ಅಷ್ಟು ಜನರ ಎದುರಿಗೆ ಅತ್ತರೆ ಕನ್ನಡಾಭಿಮಾನ ಅಂದುಕೊಳ್ಳುತ್ತಿದ್ದರು.

ಊಟದ ಹೊತ್ತಿಗೆ ಬ್ಲೆಂಕಿನ್ ಒಂದು ಮೂಲೆಯಲ್ಲಿ ಬಿಸಿಬೇಳೆ ಬಾತ್ ತಿನ್ನುತ್ತಾ ಕೂತಿದ್ದರು. ನಾನು ಹೋಗಿ ಎದುರು ನಿಂತೆ.

“ನೀವು ಕೇಳಿದ ಭಾಷಣ ನನ್ನದು,” ಎಂದೆ. “ಹನುಮಂತ ನನ್ನವನು. ಮೂವರು ಹೆಂಡತಿಯರ ಸಾಲೂ ನನ್ನದೇ. ಡಾಕ್ಟರು ಅದೇನೂ ಹೇಳಲಿಲ್ಲ.”

“ಹಾಗಾದರೆ ಏನು ಹೇಳಿದರು?”

“ನೀವು ಬೀದಿ ದೀಪದ ಕೆಳಗೆ ಓದಿದಿರಿ ಅಂತ. ಕೊನೆಯವರೆಗೂ ಅದೇ. ನಿಮ್ಮ ಒಂದು ಪುಟವನ್ನೂ ಅವರು ಓದಿಲ್ಲ. ಓದಿದವಳು ನಾನು, ಕನ್ನಡಕ್ಕೆ ಮಾಡಿದವಳೂ ನಾನು.”

ಆತ ಚಮಚ ಕೆಳಗಿಟ್ಟರು. ಅವರ ಸಣ್ಣ ಕಣ್ಣುಗಳು ಮೊದಲ ಬಾರಿಗೆ ನಗು ಬಿಟ್ಟು ನನ್ನನ್ನು ನೋಡಿದವು. ನನಗೆ ಆಸೆ ಹುಟ್ಟಿತು.

“ಒಬ್ಬ ಮನುಷ್ಯ ಮೈಕಿನ ಮುಂದೆ ನಿಂತು ಒಂದು ಹೇಳುತ್ತಿದ್ದ,” ಎಂದರು ನಿಧಾನವಾಗಿ. “ನೀವು ನನ್ನ ಕಿವಿಯಲ್ಲಿ ಇನ್ನೊಂದು ಹೇಳಿದಿರಿ. ನನಗೆ ಗೊತ್ತೇ ಆಗಲಿಲ್ಲ.”

“ಹೌದು.”

“ತುಂಬಾ ಚೆನ್ನಾಗಿ ಹೇಳಿದಿರಿ. ಆ ಡಾಕ್ಟರಿಗಿಂತ ನೀವೇ ಸಾವಿರ ಪಾಲು ಮೇಲು, ಒಪ್ಪಿದೆ. ಆದರೆ ಅಮ್ಮ, ನನ್ನ ಪುಸ್ತಕಕ್ಕೂ ನೀವು ಇದನ್ನೇ ಮಾಡಿದರೆ ನನಗೆ ಗೊತ್ತಾಗುವುದು ಹೇಗೆ?”

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ನನ್ನ ಯೋಗ್ಯತೆಗೆ ಇದ್ದ ಒಂದೇ ಸಾಕ್ಷಿ ನನ್ನ ಸುಳ್ಳು. ಆತ ಚಮಚ ಎತ್ತಿಕೊಂಡು, ಇದರೊಳಗಿನ ಈ ಕಪ್ಪು ಕಡ್ಡಿ ತಿನ್ನಬೇಕೋ ಬಿಸಾಡಬೇಕೋ ಎಂದು ಕೇಳಿದರು. ಅದು ಚಕ್ಕೆ, ಬಿಸಾಡಿ ಎಂದೆ.

ತಿರುಗಿದರೆ ಹಿಂದೆಯೇ ಡಾಕ್ಟರು. ಹೆಗಲ ಮೇಲೆ ಇನ್ನೊಂದು ಶಾಲು, ಯಾರು ಹೊದಿಸಿದರೋ ಕಾಣೆ. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, “ಸಿಂಧು, ನೀನು ಮಾಡಿಟ್ಟಿದೀಯಲ್ಲ ಟ್ರಾನ್ಸ್‌ಲೇಷನ್ನು, ಅದನ್ನ ನಂಗೊಂದ್ ಮೇಲ್ ಮಾಡ್ಬಿಡಮ್ಮ. ಯುಗಾದಿಗೆ ಬಿಡುಗಡೆ ಇಟ್ಕೊಳೋಣ. ನಿನ್ನ ಮರೆಯಲ್ಲ, ಮುನ್ನುಡೀಲಿ ಹೆಸರು ಹಾಕ್ತೀನಿ. ಬೆರಳಚ್ಚು ಸಹಾಯ ಅಂತ,” ಎಂದರು.

“ಕೊಡಲ್ಲ ಸರ್,” ಎಂದೆ.

“ಹಾಂ?”

“ಕೊಡಲ್ಲ. ಅವ್ರು ನೀವೇ ಮಾಡ್ಬೇಕು ಅಂದಿದಾರೆ. ನೀವೇ ಮಾಡಿ.”

“ಏನಮ್ಮ ಹಿಂಗ್ ಮಾತಾಡ್ತೀಯ? ಕನ್ನಡದ ಕೆಲಸ ಇದು. ನಾನ್ ಹೆಂಗಮ್ಮ ಮಾಡ್ಲಿ?”

“ಮೊದಲು ಪುಸ್ತಕ ತಗೊಂಡು ಓದಿ ಸರ್. ಮೊದಲನೇ ಪುಟದಿಂದ.”

ಡಾಕ್ಟರು ಬ್ಲೆಂಕಿನ್ ಕಡೆ ನೋಡಿದರು. ಆತ ಚಮಚ ಎತ್ತಿ ನಗುತ್ತಾ ಕೈ ಬೀಸಿದರು. ಡಾಕ್ಟರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

“ಪೂರ್ತೀನಾ?” ಎಂದರು.